ನೆರಳಕ್ಕನ ಮಗ್ಗ

ನಮ್ಮೂರಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ಸಲ ಹಾಳೂರು ನೋಡಲು ಹೋದಾಗ ಅರ್ಧಕ್ಕೇ ಓಡಿ ಬರುತ್ತಾರೆ. ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಂದವರೂ ಉಂಟು. ನನ್ನ ಅಣ್ಣ ವಿರೂಪಾಕ್ಷನ ಹೆಂಡತಿ ಕಸ್ತೂರಿ ಮಾತ್ರ ಓಡಲಿಲ್ಲ. ಮದುವೆಯಾದ ಹದಿನಾರನೇ ದಿನ ನಾನೇ ಅವಳನ್ನು ಕರೆದುಕೊಂಡು ಹೋಗಿದ್ದೆ. ಉರುಳಿದ ಕಂಬಗಳ ತುಂಡುಗಳು ದೊಡ್ಡ ಬೀಸುಕಲ್ಲುಗಳ ಹಾಗೆ ಹುಲ್ಲಿನಲ್ಲಿ ಬಿದ್ದಿದ್ದವು. ನೆಲದ ಮೇಲೆ ಮಾತ್ರ ಇಪ್ಪತ್ತೆರಡು ಕಂಬಗಳ ನೆರಳು ಸಾಲು ಹಿಡಿದು, ಚಾವಣಿಯ ನೆರಳನ್ನೂ ಹೊತ್ತು, ಚಾಚಿಕೊಂಡಿತ್ತು. ಅವಳು ತಲೆಯೆತ್ತಿ ಖಾಲಿ ಆಕಾಶ ನೋಡಿದಳು. ತಲೆ ತಗ್ಗಿಸಿ ನೆಲ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಆ ನೆರಳಿನೊಳಗೆ ಹೋಗಿ ಕೂತಳು. “ಏನ್ ತಂಪೈತಿ ದಾನವ್ವ, ನೀನೂ ಬಾ,” ಎಂದಳು.

ಹಾಳೂರು ಎಂದರೆ ಊರ ಹಿಂದಿನ ಇಳಿಜಾರಿನಲ್ಲಿರುವ ಯವನರ ಪಟ್ಟಣ. ಅವರು ಹಡಗಿನಲ್ಲಿ ಬಂದವರಂತೆ, ಆಗ ಸಮುದ್ರ ಇಲ್ಲಿಯವರೆಗೂ ಇತ್ತಂತೆ. ಈಗ ಸಮುದ್ರ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಹಡಗು ಕಟ್ಟುತ್ತಿದ್ದ ಕಲ್ಲುಗೂಟಗಳಿಗೆ ನಮ್ಮವರು ಎತ್ತು ಕಟ್ಟುತ್ತಾರೆ, ಸುತ್ತ ಜೋಳ ಬೆಳೆಯುತ್ತದೆ. ಪಟ್ಟಣ ಬಿದ್ದುಹೋಯಿತು, ಅದರ ನೆರಳು ಹಾಗೇ ಉಳಿಯಿತು. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮಂಗಳವಾರದ ಸಂತೆ ಕಂಬಸಾಲಿನ ನೆರಳಿನಲ್ಲೇ ಕೂಡುತ್ತದೆ. ಹೊತ್ತು ಸರಿದ ಹಾಗೆ ಬದನೆಕಾಯಿಯವರೂ ಬಳೆಯವರೂ ತಮ್ಮ ಬುಟ್ಟಿ ಎತ್ತಿಕೊಂಡು ಗೇಣುಗೇಣಾಗಿ ಮೂಡಲ ಕಡೆ ಸರಿಯುತ್ತಾರೆ. ಮೋಡ ಕವಿದ ದಿನ ಯಾರು ಎಲ್ಲಿ ಕೂರಬೇಕೆಂದು ತಿಳಿಯದೆ ಜಗಳವಾಗುತ್ತದೆ. ಸಂಡಿಗೆ ಒಣಹಾಕುವವರು ಬಿದ್ದುಹೋದ ದೊಡ್ಡ ಗುಡಿಯ ನೆರಳು ದಾಟಿ ಆಚೆಗೆ ಹೋಗಬೇಕು. ಹಾಳೂರಲ್ಲಿ ಗಿಡ ನೆಡಬಾರದೆಂಬುದು ಊರಿನ ಕಟ್ಟುಪಾಡು. ನೆರಳಿಗೆ ನೆರಳು ಬೆರೆತರೆ ಯಾವುದು ಯಾವುದರದೆಂದು ಗುರುತು ಸಿಗುವುದಿಲ್ಲ.

ಮನುಷ್ಯರ ನೆರಳುಗಳು ಅಪರೂಪ. ಯವನರು ಕೂತು ಆಟ ನೋಡುತ್ತಿದ್ದ ಮೆಟ್ಟಿಲ ಬಯಲಿನ ಮೇಲಿನ ಸಾಲಿನಲ್ಲಿ ಮಧ್ಯಾಹ್ನ ಒಬ್ಬ ಮಲಗಿರುತ್ತಾನೆ. ಒಣಗಿದ ಬಾವಿಯ ಹತ್ತಿರ ಸಂಜೆ ಯಾರೋ ಒಬ್ಬರು ನೀರು ಸೇದುತ್ತಾರೆ. ಮೂರನೆಯವಳು ನೆರಳಕ್ಕ. ಪಡುವಲ ಬದಿಯ ಒಂದು ಮನೆಯಲ್ಲಿ ಮೂರು ಗೋಡೆ ಬಿದ್ದು ಒಂದೇ ಒಂದು ನಿಂತಿದೆ. ಅದರ ಮುಂದೆ ಬಣ್ಣದ ಹರಳುಗಲ್ಲುಗಳನ್ನು ಜೋಡಿಸಿ ಮೀನುಗಳ ಚಿತ್ರ ಮಾಡಿದ ನೆಲ. ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ ಆ ಗೋಡೆಯ ಮೇಲೆ ಒಬ್ಬ ಹೆಂಗಸಿನ ನೆರಳು, ಅವಳ ಮುಂದೆ ಒಂದು ಮಗ್ಗದ ನೆರಳು. ನಮ್ಮ ಓಣಿಯವರೆಲ್ಲ ನೇಕಾರರು. ಹೀಗಾಗಿ ಅವಳನ್ನು ನಮ್ಮವಳೆಂದೇ ತಿಳಿದು ಅಕ್ಕ ಎಂದು ಕರೆಯುತ್ತ ಬಂದಿದ್ದಾರೆ.

ಕಸ್ತೂರಿಗೆ ನೆರಳಕ್ಕ ಎಂದರೆ ಮೊದಲಿನಿಂದಲೂ ಒಂದು ಸೆಳೆತ. ನಾನು ಅವಳನ್ನು ವೈನಿ ಎಂದು ಕರೆಯುತ್ತಿದ್ದೆನಾದರೂ ವಯಸ್ಸಿನಲ್ಲಿ ನಾವಿಬ್ಬರೂ ಒಂದೇ. ನನ್ನನ್ನು ಕೊಟ್ಟದ್ದು ಅದೇ ಓಣಿಯ ಕಡೇ ಮನೆಗೆ, ಆದ್ದರಿಂದ ತವರಿಗೆ ದಿನಾ ಹೋಗಿ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ವೈನಿ ಬೆಳಗಿನ ಕೆಲಸ ಮುಗಿಸಿ, ರೊಟ್ಟಿ ಬಡಿದಿಟ್ಟು, “ಅಕ್ಕನ ಮುಖ ನೋಡಿ ಬರ್ತೇನಿ” ಎಂದು ಹಾಳೂರಿಗೆ ಹೋಗುವಳು. ನೆರಳಿಗೆ ಮುಖವೆಲ್ಲಿ ಎಂದು ಅಣ್ಣ ನಗುತ್ತಿದ್ದ. ಅವನು ಜೋರಾಗಿ ನಗುವ ಮನುಷ್ಯ. ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತನೆಂದರೆ ತುಳಿಯುವ ಹಲಗೆಗಳ ಸದ್ದು, ಲಾಳಿಯ ಸದ್ದು, ಅವನ ಹಾಡು ಮೂರೂ ಒಂದೇ ಲಯದಲ್ಲಿ ಓಣಿಯ ತುದಿಯವರೆಗೂ ಕೇಳುತ್ತಿದ್ದವು.

ಒಂದು ವರ್ಷ ಮಳೆಗಾಲದ ಕಡೆಯಲ್ಲಿ ಮಾಳಿಗೆಗೆ ಮಣ್ಣು ಹಾಕಲು ಹತ್ತಿದವನು ಅಂಚಿನಿಂದ ಜಾರಿ ಬಿದ್ದ. ಜೀವ ಉಳಿಯಿತು. ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದ ದಿನ ಅವನು ಪಡಸಾಲೆಯ ಮಗ್ಗವನ್ನು ಒಮ್ಮೆ ನೋಡಿ, “ನನ್ನ ಒಳಗಿನ ಖೋಲ್ಯಾಗ ಹಾಕ್ರಿ,” ಎಂದ. ಮುಂದೆ ತಿಂಗಳುಗಟ್ಟಲೆ ಅವನು ಆಡಿದ ಉದ್ದನೆಯ ಮಾತು ಅದೊಂದೇ. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದವನು ಹೂಂ, ಉಹೂಂ ಅಷ್ಟೇ. ವೈನಿ ಅವನ ಕುಣಿಗೆ ತಾನು ಇಳಿದು ನೇಯತೊಡಗಿದಳು. ಅವಳ ಕೈ ಅವನಷ್ಟೇ ಚುರುಕು. ಆದರೆ ಪಡಸಾಲೆಯಲ್ಲಿ ಹಲಗೆ ತುಳಿದ ಸದ್ದಾದಾಗಲೆಲ್ಲ ಒಳಗೆ ಅಣ್ಣ ಚಾದರವನ್ನು ಕಿವಿಯ ಮೇಲೆ ಎಳೆದುಕೊಳ್ಳುವುದು ನಮಗೆ ಕಾಣುತ್ತಿತ್ತು. ಕೆಲವು ದಿನ ಅವಳು ಸದ್ದಾಗದ ಹಾಗೆ ಮೆಲ್ಲಗೆ ತುಳಿಯಲು ನೋಡಿದಳು. ಹಾಗೆ ತುಳಿದರೆ ಬಟ್ಟೆ ಸಡಿಲವಾಗುತ್ತದೆ. ಕೊನೆಗೆ, ಅವನು ನಿದ್ದೆ ಮಾಡಿದ ಹೊತ್ತು ನೋಡಿ ಮಾತ್ರ ನೇಯುವುದು ರೂಢಿಯಾಯಿತು.

ಹೀಗೆ ಏಳೆಂಟು ತಿಂಗಳು ಕಳೆದ ಮೇಲೆ, ಬೇಸಿಗೆಯ ಒಂದು ಬೆಳಿಗ್ಗೆ ವೈನಿ ನನ್ನನ್ನೂ ಹಾಳೂರಿಗೆ ಕರೆದುಕೊಂಡು ಹೋದಳು. ಇಬ್ಬರೂ ಮೀನಿನ ನೆಲದ ಅಂಚಿನಲ್ಲಿ ಕೂತೆವು. ಗೋಡೆಯ ಮೇಲೆ ನೆರಳಕ್ಕ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದಳು. ಅವಳ ಮಗ್ಗ ನಮ್ಮದರ ಹಾಗಲ್ಲ. ಎರಡು ಕಂಬ, ಮೇಲೊಂದು ಅಡ್ಡಗಂಬ. ಅದರಿಂದ ಹಾಸಿನ, ಅಂದರೆ ಉದ್ದದ, ಎಳೆಗಳು ಕೆಳಕ್ಕೆ ಇಳಿಬಿದ್ದಿರುತ್ತವೆ. ಬಿಗಿ ನಿಲ್ಲಲೆಂದು ತುದಿಗೆ ಮಣ್ಣಿನ ಗುಂಡುಗಳನ್ನು ಕಟ್ಟಿರುತ್ತಾರೆ. ಅಂಥ ಗುಂಡುಗಳು ಈಗಲೂ ಹೊಲ ಉಳುವಾಗ ಸಿಗುತ್ತವೆ. ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿ ಬಾಗಿಲು ಬಡಿದುಕೊಳ್ಳದ ಹಾಗೆ ಅವನ್ನೇ ಒತ್ತು ಕೊಟ್ಟಿದ್ದಾರೆ. ಅವಳು ನಿಂತುಕೊಂಡೇ ನೇಯುತ್ತಿದ್ದಳು, ಬಟ್ಟೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತಿತ್ತು.

“ದಾನವ್ವ, ಆಕಿ ಕಾಲು ನೋಡು,” ಎಂದಳು ವೈನಿ.

“ಕಾಲ್ನಾಗ ಏನೈತಿ?”

“ಏನೂ ಮಾಡಾಕತ್ತಿಲ್ಲ. ಸುಮ್ಮ ನಿಂತಾವ.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾವು ಹುಟ್ಟಿದಾಗಿನಿಂದ ನೋಡುತ್ತ ಬಂದದ್ದನ್ನು ಅವಳು ಅಂದು ಮೊದಲ ಸಲ ನೋಡಿದ್ದಳು. ಆ ಮಗ್ಗಕ್ಕೆ ತುಳಿಯುವ ಹಲಗೆಯೇ ಇಲ್ಲ. ಹಾಸಿನ ಎಳೆಗಳನ್ನು ಬೇರೆ ಮಾಡಲು ನೆರಳಕ್ಕ ಒಂದು ಅಡ್ಡಕೋಲನ್ನು ಕೈಯಿಂದಲೇ ತನ್ನ ಕಡೆ ಎಳೆಯುತ್ತಾಳೆ, ಅಡ್ಡ ಎಳೆಯ ಹೊಕ್ಕು ಹಾಕಿದ ಮೇಲೆ ಕೈಯಿಂದಲೇ ಬಿಡುತ್ತಾಳೆ.

“ಆಕಿ ನಿಂತು ನೇಯ್ತಾಳಲ್ಲ ವೈನಿ. ಅಣ್ಣ ಹ್ಯಾಂಗ ನಿಂತಾನು?”

“ಮಗ್ಗ ಗಿಡ್ಡ ಮಾಡಿದ್ರಾತು. ಮನಿಶಾ ಕುಂತ್ರ ಮಗ್ಗಾನೂ ಕುಂದರತೈತಿ,” ಎಂದಳು. ಅವಳ ಕಣ್ಣು ಗೋಡೆ ಬಿಟ್ಟು ಕದಲಲಿಲ್ಲ.

ಅಂದಿನಿಂದ ವೈನಿಗೆ ಅದೇ ಧ್ಯಾನ. ಮನೆಮನೆಗೆ ಹೋಗಿ ಬಾಗಿಲ ಸಂದಿಯ ಮಣ್ಣುಗುಂಡುಗಳನ್ನು ಕೇಳಿ ತಂದಳು. ಹಿತ್ತಲಲ್ಲಿ ಎರಡು ಬಡಿಗೆ ನೆಟ್ಟು ಅಡ್ಡಗಂಬ ಕಟ್ಟಿದಳು. ಅಡ್ಡಕೋಲಿಗೆ ಕುಣಿಕೆಗಳನ್ನು ಹಾಕಿ ಒಂದು ಬಿಟ್ಟು ಒಂದು ಎಳೆಯನ್ನು ಹಿಡಿಯುವುದು ಅವಳಿಗೆ ನೋಡಿಯೇ ಗೊತ್ತಾಗಿತ್ತು. ತಿಳಿಯದೆ ಉಳಿದದ್ದು ಒಂದೇ. ಹಾಸಿನ ಎಳೆಗಳನ್ನು ಮೇಲಿನ ಅಡ್ಡಗಂಬಕ್ಕೆ ಹೇಗೆ ಕೂಡಿಸುತ್ತಾರೆ? ಅವಳು ಒಂದೊಂದನ್ನೇ ಬಿಡಿಬಿಡಿಯಾಗಿ ಕಟ್ಟಿದಳು. ಕಟ್ಟಿದಷ್ಟೂ ಎಳೆಗಳು ಸರಿದಾಡಿ ಒಂದಕ್ಕೊಂದು ತೊಡರಿ ಗಂಟಾಗುತ್ತಿದ್ದವು. ನೆರಳಕ್ಕ ಹೊಸ ಹಾಸು ಏರಿಸುವುದನ್ನು ಊರಲ್ಲಿ ಯಾರೂ ಗಮನವಿಟ್ಟು ನೋಡಿರಲಿಲ್ಲ. ವರ್ಷಕ್ಕೊಂದೇ ಸಲ ಅದು, ಮಳೆಗಾಲದ ಮೋಡಗಳು ಬರುವ ಹೊತ್ತಿನಲ್ಲಿ. ಬಹಳ ಸಲ ಬಿಸಿಲೇ ಇರುವುದಿಲ್ಲ.

ಅದೇ ಬೇಸಿಗೆಯಲ್ಲಿ ಮಂಚಯ್ಯ ಸಾಹೇಬರು ಬಂದರು. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯ ಇಂಜಿನಿಯರು, ತೆಂಕಣ ಸೀಮೆಯವರು, ಮೆತ್ತಗಿನ ಮಾತಿನ ಮನುಷ್ಯ. ಒಂದು ಅಡ್ಡಮಳೆ ಬಂದು ಮೀನಿನ ನೆಲದ ಒಂದು ಮೂಲೆ ಉಬ್ಬಿ, ಎರಡು ಮೀನಿನ ಬಾಲಗಳು ಕಿತ್ತುಬಂದಿದ್ದವು. ಸಾಹೇಬರು ಆ ಹರಳುಗಳನ್ನೆಲ್ಲ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಮರುವಾರ ನೆಲದ ಸುತ್ತ ಕಬ್ಬಿಣದ ಕಂಬಗಳನ್ನು ನೆಡಿಸಿದರು. ಮೇಲೆ ತಗಡಿನ ಚಾವಣಿ ಹಾಕುತ್ತಾರೆಂದು ಸುದ್ದಿಯಾಯಿತು.

ವೈನಿ ಅದನ್ನು ಕೇಳಿದವಳೇ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಹಾಗೇ ಬಿಟ್ಟು ಹಾಳೂರಿಗೆ ನಡೆದಳು. ನಾನು ಹಿಂದೆ ಓಡಿದೆ. ಸಾಹೇಬರು ಮಂಡಿಯೂರಿ ನೆಲ ಅಳೆಯುತ್ತಿದ್ದರು.

“ಸಾಹೇಬ್ರ, ತಗಡು ಹಾಕಿದ್ರ ಬಿಸಿಲು ಬೀಳಂಗಿಲ್ಲ,” ಎಂದಳು.

“ಹೌದಮ್ಮ, ಮಳೇನೂ ಬೀಳಲ್ಲ.”

“ಬಿಸಿಲಿಲ್ಲಂದ್ರ ನೆರಳಕ್ಕ ಇಲ್ಲ.”

ಅವರು ಎದ್ದು ನಿಂತು ಗೋಡೆಯ ಕಡೆ ನೋಡಿದರು. ನೆರಳಕ್ಕನ ಕೈ ಹೋಗುತ್ತ ಬರುತ್ತ ಇತ್ತು. ಸಾಹೇಬರು ಆ ಗೋಡೆಯ ಎದುರಿಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು, ಅದನ್ನು ನಾನು ಗಮನಿಸಿದ್ದೆ. “ನಾನೂ ಅದನ್ನೇ ಯೋಚನೆ ಮಾಡ್ತಾ ಇದ್ದೀನಿ ಕಣಮ್ಮ. ಎಂಟು ದಿನದಿಂದ ಇವರನ್ನ ನೋಡ್ತಾ ಇದ್ದೀನಿ. ಆದ್ರೆ ಈ ಮೀನುಗಳನ್ನೂ ನೋಡಿ. ಇನ್ನೊಂದು ಮಳೆಗಾಲ ತಡೆಯೋದಿಲ್ಲ ಇವು. ಎರಡೂ ಉಳಿಸೋ ದಾರಿ ನನಗೆ ಕಾಣ್ತಾ ಇಲ್ಲ.”

ವೈನಿ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅಣ್ಣನ ವಿಷಯ, ಹಿತ್ತಲ ಮಗ್ಗದ ವಿಷಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. “ಆಕಿ ಬಟ್ಟಿ ಮುಗಿಯಾಕ ಒಂದು ಗೇಣು ಉಳಿದೈತಿ. ಮುಗಿದಿಂದ ಹೊಸ ಹಾಸು ಏರಸ್ತಾಳ. ಅದೊಂದು ನೋಡಬೇಕು ನಾ. ಅದೊಂದು ಆತಂದ್ರ ನಿಮ್ಮ ತಗಡು ನಾನs ಹೊತ್ತು ಕೊಡ್ತೇನಿ.”

“ಒಂದು ಗೇಣು ಅಂದ್ರೆ ಎಷ್ಟು ದಿನ?”

ವೈನಿ ಗೋಡೆಯ ಮೇಲೆ ಬೆರಳಿಟ್ಟು ಅಳೆದಳು. “ಹನ್ನೊಂದು ದಿನ. ಮಧ್ಯಾಗ ಹಬ್ಬ ಬಂದ್ರ ಹನ್ನೆರಡು.”

ಯವನರ ಹಬ್ಬಗಳು ಯಾವಾಗ ಬರುತ್ತವೆಂದು ಸಾಹೇಬರು ಕೇಳಲಿಲ್ಲ. “ತಗಡಿನ ಲಾರಿ ಬರೋಕೆ ಇನ್ನೂ ಎರಡು ವಾರ ಇದೆ,” ಎಂದರು. “ಅಷ್ಟರೊಳಗೆ ಆದ್ರೆ ಸರಿ.”

ಲಾರಿ ಒಂಬತ್ತನೇ ದಿನಕ್ಕೇ ಬಂದುಬಿಟ್ಟಿತು. ಆ ಹೊತ್ತಿಗೆ ಪಡುವಣದಲ್ಲಿ ಮೋಡ ಕೂಡಿಕೊಳ್ಳತೊಡಗಿತ್ತು. ಸಾಹೇಬರು ಗೋಡೆಗೆ ದೂರದ ತುದಿಯಿಂದ ತಗಡು ಹೊದಿಸಲು ಹೇಳಿದರು. ದಿನಕ್ಕೆ ಏಳೆಂಟು ತಗಡು ಏರುತ್ತಿದ್ದವು. ಮೀನುಗಳು ಒಂದೊಂದಾಗಿ ನೆರಳಿಗೆ ಸರಿಯುತ್ತಿದ್ದವು.

ಹತ್ತನೇ ದಿನ ಹಿತ್ತಲಲ್ಲಿ ನಾವಿಬ್ಬರೂ ಮತ್ತೊಮ್ಮೆ ಹಾಸು ಕಟ್ಟಲು ಕೂತಿದ್ದೆವು. ಒಳಗಿನ ಕೋಣೆಯ ಕಿಟಕಿ ಹಿತ್ತಲಿಗೇ ಇದೆ. ಮಣ್ಣುಗುಂಡುಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ನೂರಿಪ್ಪತ್ತು ಎಳೆ ಕಟ್ಟಿಯಾಗಿತ್ತು. ವೈನಿ ಅಡ್ಡಕೋಲು ಎಳೆದಳು. ಎಡಗಡೆಯ ಎಳೆಗಳೆಲ್ಲ ಜಾರಿ ಗುಂಪಾಗಿ ನಡುವಿಗೆ ಬಂದು ಗಂಟಾದವು. ಅವಳು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು.

ಆಗ ಕಿಟಕಿಯೊಳಗಿನಿಂದ ಮಾತು ಬಂತು. “ಏನು ಮಾಡಾಕತ್ತೀರಿ ಅಲ್ಲಿ?”

ನಾವಿಬ್ಬರೂ ಕಿಟಕಿಯ ಕಡೆ ತಿರುಗಿದೆವು.

“ಹತ್ತು ದಿನದಿಂದ ಕೇಳಾಕತ್ತೇನಿ. ಎಳಿ ಎಲ್ಲಾ ಸಡ್ಲ ಅದಾವ. ಒಂದ್ ಕಡೆ ಬಿಗಿ, ಒಂದ್ ಕಡೆ ಸಡ್ಲ. ಕಿವಿಗೇ ಗೊತ್ತಾಗತೈತಿ. ಯಾವ ದಡ್ಡ ಕಟ್ಟ್ಯಾನ ಅದನ್ನ?”

“ನಾನs ಕಟ್ಟೇನಿ,” ಎಂದಳು ವೈನಿ. “ನಿಮಗ ಗೊತ್ತಿದ್ರ ಹೇಳ್ರಿ.”

“ಏನಂತ ಹೇಳ್ಲಿ? ಅದು ಎಂಥಾ ಮಗ್ಗ ಅಂತನs ಗೊತ್ತಿಲ್ಲ ನನಗ.”

ಅವಳು ಒಳಗೆ ಹೋಗಿ ಹಾಸಿಗೆಯ ಹತ್ತಿರ ಕೂತು ಎಲ್ಲವನ್ನೂ ಹೇಳಿದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅಣ್ಣ ಕೇಳುತ್ತ ಕೇಳುತ್ತ ಮೊದಲು ಚಾದರ ಸರಿಸಿದ, ಆಮೇಲೆ ಮೊಣಕೈ ಊರಿ ತಲೆ ಎತ್ತಿದ. ನೆರಳಕ್ಕ ನಾಳೆಯೋ ನಾಡಿದ್ದೋ ಹಾಸು ಏರಿಸುತ್ತಾಳೆ, ನೀವೇ ಬಂದು ನೋಡಿರಿ, ನಿಮ್ಮ ಕಣ್ಣಿಗೆ ತಿಳಿದದ್ದು ನನ್ನ ಕಣ್ಣಿಗೆ ತಿಳಿಯುವುದಿಲ್ಲ ಎಂದಾಗ ಮಾತ್ರ ಅವನ ಮುಖ ಗಟ್ಟಿಯಾಯಿತು.

“ಹೊತ್ಕೊಂಡು ಒಯ್ತೀರೇನು, ಹೆಣಾ ಒಯ್ದಂಗ? ಮಂದಿ ನೋಡ್ತಾರ.”

“ನೋಡ್ಲಿ. ನಾಕ್ ದಿನ ನೋಡ್ತಾರ. ಆಮ್ಯಾಲ ನಮ್ಮೂರಾಗ ಎಲ್ಲಾರೂ ನೆರಳು ನೋಡತಾರಲ್ಲ, ಹಂಗ ನೋಡಿ ಹೋಗ್ತಾರ.”

“ಬ್ಯಾಡ ಕಸ್ತೂರಿ.”

“ಹಂಗಾರ ನಾನs ನೋಡಿ ಬಂದು ತಪ್ಪ ತಪ್ಪ ಕಟ್ತೇನಿ. ದಿನಾ ಕಟ್ತೇನಿ. ನೀವು ಇಲ್ಲೇ ಮಲಕ್ಕೊಂಡು ಕೇಳ್ರಿ,” ಎಂದು ಅವಳು ಎದ್ದಳು.

ಅಣ್ಣ ತೊಲೆಯ ಕಡೆ ನೋಡಿದ, ಅವಳ ಕಡೆ ನೋಡಿದ. ಕೊನೆಗೆ, “ದಾನವ್ವ, ಕುರ್ಚಿ ಗಟ್ಟಿ ಐತೇನು ನೋಡು,” ಎಂದ.

ಮರುದಿನ ಬೆಳಿಗ್ಗೆ ನನ್ನ ಗಂಡನೂ ಪಕ್ಕದ ಮನೆಯವನೂ ಸೇರಿ ಅಣ್ಣನನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಎರಡು ಬಿದಿರು ಕಟ್ಟಿ ಹೊತ್ತು ನಡೆದರು. ಅಂದು ಮಂಗಳವಾರ, ಸಂತೆಯ ದಿನ. ಕಂಬಸಾಲಿನ ನೆರಳಿನಲ್ಲಿ ಕೂತವರೆಲ್ಲ ತಲೆಯೆತ್ತಿ ನೋಡಿದರು. ಬಳೆಗಾರ ಎದ್ದು ನಿಂತು ಕೈಮುಗಿದ. ಒಬ್ಬಳು ಮುದುಕಿ, “ವಿರೂಪಾಕ್ಷಾ, ಹಾಡು ನಿಲ್ಸೀಯಲ್ಲೋ, ಓಣಿ ಬಣಬಣ ಅನ್ನಾಕತ್ತೈತಿ,” ಎಂದು ಗದರಿದಳು. ಅಣ್ಣ ಮುಖ ಮುಚ್ಚಿಕೊಳ್ಳಲಿಲ್ಲ. ಎಂಟು ತಿಂಗಳಿಂದ ಸುಣ್ಣದ ಗೋಡೆಯನ್ನಷ್ಟೇ ನೋಡಿದ ಕಣ್ಣಿಗೆ ಬಿಸಿಲು ಚುಚ್ಚಿ ನೀರು ಸುರಿಯುತ್ತಿತ್ತು.

ಮೀನಿನ ನೆಲದ ಮೇಲೆ ಅರ್ಧಕ್ಕಿಂತ ಹೆಚ್ಚು ತಗಡು ಬಂದಿತ್ತು. ಗೋಡೆಯ ಎದುರಿಗೆ ಮಾತ್ರ ಆಕಾಶ ತೆರೆದಿತ್ತು. ಅದರಲ್ಲೂ ಮೋಡಗಳು ಹಿಂಡುಹಿಂಡಾಗಿ ಹೋಗುತ್ತಿದ್ದವು. ಬಿಸಿಲು ಬಂದರೆ ಗೋಡೆ ತುಂಬುತ್ತಿತ್ತು, ಹೋದರೆ ಬರಿದಾಗುತ್ತಿತ್ತು. ನೆರಳಕ್ಕನ ಮಗ್ಗ ಖಾಲಿಯಾಗಿತ್ತು. ಬಟ್ಟೆ ಕೊಯ್ದು ತೆಗೆದಿದ್ದಳು. ನಾವು ಅಣ್ಣನನ್ನು ನೆಲದ ಮೇಲೆ, ಬಿದ್ದ ಕಂಬದ ತುಂಡೊಂದಕ್ಕೆ ಒರಗಿಸಿ ಕೂರಿಸಿದೆವು. ತಗಡು ಹೊದಿಸುವವರು ಏಣಿಯ ಮೇಲಿದ್ದರು. ಸಾಹೇಬರು ಅಣ್ಣನ ಕಾಲುಗಳನ್ನು ನೋಡಿದರು, ಆಕಾಶ ನೋಡಿದರು, ಏಣಿಯವರಿಗೆ ಇಳಿಯಿರಿ ಎಂದು ಕೈಸನ್ನೆ ಮಾಡಿದರು. “ಸೂರ್ಯನ್ನ ಹಿಡಿದು ನಿಲ್ಲಿಸೋಕೆ ನನ್ನ ಕೈಲಾಗಲ್ಲ. ತಗಡನ್ನ ಇವತ್ತೊಂದು ದಿನ ನಿಲ್ಲಿಸ್ತೀನಿ,” ಎಂದರು.

ಮೊದಲ ಬಿಸಿಲಿಗೆ ನೆರಳಕ್ಕ ಕಂಡಾಗ ವೈನಿ ಮುಂದಕ್ಕೆ ಬಾಗಿದಳು. ನೆರಳಕ್ಕ ಕೂತಿದ್ದಳು. ನಾವು ಯಾರೂ ಅವಳನ್ನು ಕೂತದ್ದು ಕಂಡಿರಲಿಲ್ಲ. ಅವಳ ಪಕ್ಕದಲ್ಲಿ ಇನ್ನೊಂದು ನೆರಳು ಓಡಾಡುತ್ತಿತ್ತು, ಎತ್ತರದ ತೆಳ್ಳನೆಯ ಯಾರೋ. ಇಷ್ಟು ವರ್ಷ ಆ ಗೋಡೆಯ ಮೇಲೆ ಒಬ್ಬಳೇ ಇದ್ದಳೆಂದು ಊರೆಲ್ಲ ನಂಬಿತ್ತು. ನೆರಳಕ್ಕನ ಕೈಯಲ್ಲಿ ನಾಕು ಬೆರಳಗಲದ ಒಂದು ಪಟ್ಟಿ. ಅವಳು ಅದನ್ನು ನೇಯುತ್ತಿದ್ದಳು. ಪ್ರತಿ ಸಲ ಹೊಕ್ಕಿನ ಎಳೆಯನ್ನು ಪಟ್ಟಿಯ ಆಚೆಗೆ ದಾಟಿಸಿದಾಗ ಆ ಇನ್ನೊಬ್ಬರು ಅದನ್ನು ಕುಣಿಕೆಯಾಗಿ ಹಿಡಿದು, ಉದ್ದಕ್ಕೆ ಎಳೆದುಕೊಂಡು ದೂರ ನಡೆದು, ಒಂದು ಗೂಟಕ್ಕೆ ಹಾಕಿ ಬರುತ್ತಿದ್ದರು. ಮತ್ತೆ ಎಳೆ, ಮತ್ತೆ ನಡಿಗೆ.

“ಪಟ್ಟಿ ಯಾಕ ನೇಯಾಕತ್ತಾಳ?” ಎಂದೆ ನಾನು.

“ಸುಮ್ಕಿರು,” ಎಂದ ಅಣ್ಣ. ಅವನ ಬಲಗೈ ತನ್ನಷ್ಟಕ್ಕೇ ತೊಡೆಯ ಮೇಲೆ ಹೋಗಿ ಬರುತ್ತಿತ್ತು. ಮೋಡ ಬಂತು, ಗೋಡೆ ಬರಿದಾಯಿತು. ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ಬಿಸಿಲು ಬಂದಾಗ ಎರಡೇ ಎರಡು ಸಲ ನೋಡಿದ ಅಷ್ಟೇ, ಕೂಗಿಕೊಂಡ. “ಕಸ್ತೂರಿ! ಹೊಕ್ಕು! ಪಟ್ಟಿ ಹೊಕ್ಕೇ ಮುಂದ ಹಾಸು ಆಗತೈತಿ! ಪಟ್ಟೀನs ಅಡ್ಡಗಂಬಕ್ಕ ಹೊಲಿತಾರ, ಎಳಿ ಎಲ್ಲಾ ಕೆಳಗ ಜೋತು ಬೀಳ್ತಾವ. ಸರಿಯಾಕ ಜಾಗನs ಇಲ್ಲ ಅವಕ್ಕ. ಎಂಥಾ ಶ್ಯಾಣ್ಯಾಕಿ ಅದಾಳ ಇಕಿ! ನೂಲು ಕೊಡು, ನೂಲು ಕೊಡು ಲಗೂನ!”

ನನ್ನ ಚೀಲದಲ್ಲಿ ನೂಲಿತ್ತು. ಪಟ್ಟಿಗೆ ಹತ್ತು ಎಳೆ ಬೇಕು, ಅದನ್ನು ಒಂದು ತುದಿಗೆ ಗಟ್ಟಿಯಾಗಿ ಎಲ್ಲಿಯಾದರೂ ಕಟ್ಟಬೇಕು. ಅಣ್ಣ ಸುತ್ತ ನೋಡಿದ. ಆಮೇಲೆ ತನ್ನ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ನೇರ ಮಾಡಿ, ಆ ಹತ್ತೂ ಎಳೆಗಳನ್ನು ಹೆಬ್ಬೆರಳಿಗೆ ಸುತ್ತಿ ಗಂಟು ಹಾಕಿದ. ಇನ್ನೊಂದು ತುದಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡ. ಎಳೆಗಳು ಬಿಗಿಯಾಗಿ ನಿಂತವು. ವೈನಿ, “ಬೆರಳಿಗೆ ನೋವಾಗತೈತಿ…” ಎಂದು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿದಳು. ಅಣ್ಣ ಅವಳ ಮುಖ ನೋಡಿದ. “ಆಗಂಗಿಲ್ಲ. ಅದs ಛಲೋ ಆತು,” ಎಂದು ನಕ್ಕ. ಜೋರಾಗಿಯೇ ನಕ್ಕ. ತಗಡಿನವರೂ ಬೀಡಿ ಕೆಳಗಿಟ್ಟು ತಿರುಗಿ ನೋಡಿದರು.

ಅವನು ಹೊಕ್ಕು ದಾಟಿಸಿದ. ವೈನಿ ಕುಣಿಕೆ ಹಿಡಿದು ಎಳೆದುಕೊಂಡು ನಡೆದಳು, ಚಾವಣಿಗೆಂದು ನೆಟ್ಟ ಕಬ್ಬಿಣದ ಕಂಬಕ್ಕೆ ಅದನ್ನು ಹಾಕಿ ತಿರುಗಿ ಬಂದಳು. ಗೋಡೆಯ ಮೇಲೆ ಅವರಿಬ್ಬರು, ಗೋಡೆಯ ಕೆಳಗೆ ಇವರಿಬ್ಬರು. ಮೊದಮೊದಲು ಇವರು ಹಿಂದೆ ಬೀಳುತ್ತಿದ್ದರು. ಇಪ್ಪತ್ತು ಎಳೆಯಾಗುವ ಹೊತ್ತಿಗೆ ಸಮಕ್ಕೆ ಬಂದರು. ಅಲ್ಲಿಯ ನೆರಳು ಗೂಟದ ಹತ್ತಿರ ಬಾಗಿದಾಗಲೇ ಇಲ್ಲಿ ವೈನಿ ಕಂಬದ ಹತ್ತಿರ ಬಾಗುತ್ತಿದ್ದಳು. ದೂರದ ಸಂತೆಯ ಗದ್ದಲ ನೀರೊಳಗಿನಿಂದ ಕೇಳಿದ ಹಾಗೆ ಕೇಳುತ್ತಿತ್ತು. ಉಬ್ಬಿದ ನೆಲದಲ್ಲಿ ಬಾಲವಿಲ್ಲದ ಮೀನುಗಳು, ಅವುಗಳ ಮೇಲೆ ವೈನಿಯ ಬರಿಗಾಲು ಹೋಗುತ್ತ ಬರುತ್ತ, ಅವಳು ಎಳೆದ ಬಿಳಿ ನೂಲುಗಳು ಬಿಸಿಲಿನಲ್ಲಿ ಹೊಳೆಯುತ್ತ. ಎಷ್ಟು ಹೊತ್ತು ಹೀಗಾಯಿತೋ ನನಗೆ ಲೆಕ್ಕ ಸಿಗಲಿಲ್ಲ.

ಆಮೇಲೆ ದೊಡ್ಡ ಮೋಡವೇ ಬಂತು. ಗೋಡೆ ಬೂದಿಬಣ್ಣಕ್ಕೆ ತಿರುಗಿತು, ಮಳೆಯ ವಾಸನೆ ಬಂತು. ನಾನು ಅವರಿಬ್ಬರೂ ನಿಲ್ಲಿಸುತ್ತಾರೆಂದುಕೊಂಡೆ. ನಿಲ್ಲಿಸಲಿಲ್ಲ. ಅಣ್ಣ ಗೋಡೆಯ ಕಡೆ ನೋಡುವುದನ್ನೇ ಬಿಟ್ಟು ಪಟ್ಟಿಯನ್ನು ನೋಡುತ್ತಿದ್ದ. ವೈನಿ ಅವನ ಕೈಯನ್ನು ನೋಡುತ್ತಿದ್ದಳು. “ಬಿಗಿ ಹಿಡಿ,” ಎನ್ನುವನು ಅವನು. “ಹಿಡದೇನಿ, ನೀವು ಬಿಡ್ರಿ,” ಎನ್ನುವಳು ಅವಳು. ಸಾಹೇಬರು ತಮ್ಮ ಕೊಡೆ ತಂದು ಬಿಚ್ಚದೆ ಹಾಗೇ ಹಿಡಿದುಕೊಂಡು ನಿಂತಿದ್ದರು. ನಾಲ್ಕು ಹನಿ ಬಿದ್ದವು, ಗಾಳಿ ಎದ್ದು ಮೋಡವನ್ನು ಮುಂದಕ್ಕೆ ನೂಕಿತು. ಕೊನೆಯ ಎಳೆ ದಾಟಿಸಿ ಅಣ್ಣ ಪಟ್ಟಿಯ ತುದಿಗೆ ಗಂಟು ಹಾಕುವುದಕ್ಕೂ ಗೋಡೆಯ ಮೇಲೆ ಬಿಸಿಲು ಬೀಳುವುದಕ್ಕೂ ಸರಿಹೋಯಿತು.

ಅಲ್ಲಿಯೂ ಕೆಲಸ ಮುಗಿದಿತ್ತು. ಎತ್ತರದ ನೆರಳು ಹೋಗಿತ್ತು. ನೆರಳಕ್ಕ ಎದ್ದು ನಿಂತಿದ್ದಳು, ಮಗ್ಗಕ್ಕೆ ತಾಗದೆ, ಎರಡೂ ಕೈ ಇಳಿಬಿಟ್ಟುಕೊಂಡು. ಕೈ ಕೆಲಸ ಮಾಡದೆ ಇರುವ ನೆರಳಕ್ಕನನ್ನು ನಮ್ಮೂರಿನವರು ಯಾರೂ ಕಂಡಿರಲಾರರು. ಹತ್ತೂವರೆಯವರೆಗೂ ಅವಳು ಹಾಗೇ ನಿಂತಿದ್ದಳು. ಬಿಸಿಲು ಗೋಡೆ ಬಿಟ್ಟು ಮೇಲೆ ಹೋಯಿತು.

ಮರುದಿನ ಉಳಿದ ತಗಡುಗಳೂ ಏರಿದವು. ಹೊತ್ತು ಕೊಡುವ ಮಾತು ಕೊಟ್ಟಿದ್ದ ವೈನಿ ಹೋಗಿ ಎರಡು ತಗಡಿಗೆ ಹೆಗಲು ಕೊಟ್ಟಳು. ಸಾಹೇಬರು ಬೇಡವೆಂದರೂ ಕೇಳಲಿಲ್ಲ. ಆ ಸಲ ಮಳೆ ಜೋರಾಗಿಯೇ ಹಿಡಿಯಿತು, ಒಂದು ಮೀನೂ ಕಿತ್ತುಬರಲಿಲ್ಲ. ಕಿತ್ತುಬಂದಿದ್ದ ಎರಡು ಬಾಲಗಳನ್ನು ಸಾಹೇಬರು ತಾವೇ ಮಂಡಿಯೂರಿ ಕೂಡಿಸಿದರು. ಈಗ ಪರಸ್ಥಳದವರು ಮೀನು ನೋಡಲು ಬರುತ್ತಾರೆ, ಫೋಟೋ ಹಿಡಿಯುತ್ತಾರೆ. ಗೋಡೆಯನ್ನು ಯಾರೂ ನೋಡುವುದಿಲ್ಲ. ಕಾವಲಿನವನು ಅದಕ್ಕೆ ತನ್ನ ನೀರಿನ ಕೊಡ ಒರಗಿಸಿಟ್ಟಿದ್ದಾನೆ. ನಮ್ಮ ಓಣಿಯ ಹೆಂಗಸರು ಕೆಲವು ದಿನ ಅಭ್ಯಾಸಬಲದಿಂದ ಹೋಗಿ ತಗಡಿನ ಕೆಳಗೆ ನಿಂತು ಬಂದರು. ಆಮೇಲೆ ಬಿಟ್ಟರು. ವೈನಿಯ ಕಣ್ಣು ಮಾತ್ರ ಬೆಳಿಗ್ಗೆ ಎಂಟಾಯಿತೆಂದರೆ ಒಮ್ಮೆ ಆ ಕಡೆ ಹೋಗಿ ಬರುತ್ತದೆ.

ಅಣ್ಣನ ಮಗ್ಗ ಹಿತ್ತಲಿನಿಂದ ಪಡಸಾಲೆಗೆ ಬಂದಿದೆ. ಗಿಡ್ಡ ಕಂಬಗಳು, ಮುಂದೆ ಅವನು ಕೂರುವ ಅಗಲ ಮಣೆ. ಮೊದಲ ವಲ್ಲಿ ಎಷ್ಟು ಸೊಟ್ಟವಾಗಿತ್ತೆಂದರೆ ಹೆಗಲ ಮೇಲೆ ಹಾಕಿಕೊಂಡರೆ ಒಂದು ಕಡೆ ಮೊಣಕಾಲಿಗೂ ಇನ್ನೊಂದು ಕಡೆ ಸೊಂಟಕ್ಕೂ ಬರುತ್ತಿತ್ತು. ಅದನ್ನು ನನ್ನ ಗಂಡ ಹಟ ಹಿಡಿದು ತೆಗೆದುಕೊಂಡ, ಈಗಲೂ ಸಂತೆಗೆ ಅದನ್ನೇ ಹಾಕಿಕೊಂಡು ಹೋಗುತ್ತಾನೆ. ಮೂರನೆಯದು ನೆಟ್ಟಗಾಯಿತು. ವೈನಿ ಕುಣಿಯಲ್ಲಿ ಕೂತು ಗಟ್ಟಿಯಾಗಿಯೇ ಹಲಗೆ ತುಳಿಯುತ್ತಾಳೆ, ಅವನು ಎದುರಿಗೆ ಕೂತು ಕೋಲು ಎಳೆಯುತ್ತಾನೆ, ಮಣ್ಣುಗುಂಡುಗಳು ಕಟಕಟ ಎನ್ನುತ್ತವೆ. ಹೊಸ ಹಾಸು ಮಾಡುವ ದಿನ ಅವಳು ತನ್ನ ಕೆಲಸ ಬಿಟ್ಟು ಬರಲೇಬೇಕು, ಅದು ಒಬ್ಬರಿಂದ ಆಗುವುದಲ್ಲ.

ಆ ದಿನಗಳಲ್ಲೇ ಇಬ್ಬರಿಗೂ ಜಗಳ ಶುರುವಾಗುವುದು. ಮಳೆ ಮೋಡ ಸರಿದ ಮೇಲೆ ನೆರಳಕ್ಕ ಕೈ ಇಳಿಬಿಟ್ಟು ನಿಂತಿದ್ದಳಲ್ಲ, ಆಗ ಅವಳು ನಮ್ಮ ಕಡೆಗೆ ತಿರುಗಿದ್ದಳು, ನಮ್ಮನ್ನೇ ನೋಡುತ್ತಿದ್ದಳು ಎನ್ನುತ್ತಾಳೆ ವೈನಿ. “ಅದೆಲ್ಲಾ ಬಿಡು,” ಎನ್ನುತ್ತಾನೆ ಅಣ್ಣ, “ದಣಿದಿದ್ಲು, ಮಗ್ಗದ ಕಡೆ ಮುಖ ಮಾಡ್ಕೊಂಡು ಸುಧಾರಿಸಿಕೊಳ್ಳಾಕತ್ತಿದ್ಲು. ನೇಕಾರಗ ಹೊಸ ಹಾಸು ನೋಡೂದ ಬಿಟ್ರ ಮತ್ತೇನ ಕಾಣತೈತಿ?” ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ನೆರಳು ಒಂದೇ, ಇವರ ವಾದ ತೀರುವುದು ಹೇಗೆ? ಎಳೆ ಎಳೆಯುತ್ತ, ಕುಣಿಕೆ ಹಾಕುತ್ತ ಒಬ್ಬರಿಗೊಬ್ಬರು ಸೋಲುವುದೇ ಇಲ್ಲ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ, “ನೀ ಅಲ್ಲೇ ಇದ್ದೆಲ್ಲ ದಾನವ್ವ, ನೀನs ಹೇಳು.”

ನಾನೇನು ಹೇಳಲಿ. ಆ ಹೊತ್ತಿನಲ್ಲಿ ನಾನು ಗೋಡೆಯನ್ನು ನೋಡುತ್ತಿರಲಿಲ್ಲ, ಇವರಿಬ್ಬರನ್ನೇ ನೋಡುತ್ತಿದ್ದೆ.